ಹಿಮ್ಮಡಿಯ ಮೇಲೆ ನಿಂತ ರಂಗಮ್ಮ

ಕೋಣಂದೂರಿನಿಂದ ಎರಡು ಮೈಲಿ ಒಳಗಿರುವ ಆ ಹಳ್ಳಿಯಲ್ಲಿ ಕೆರಿಯಪ್ಪನ ಬಗ್ಗೆ ಜನ ಏನೇ ಆಡಿಕೊಳ್ಳಲಿ, ಒಂದು ಮಾತನ್ನು ಮಾತ್ರ ಎಲ್ಲರೂ ಒಪ್ಪುತ್ತಿದ್ದರು: ನಳ್ಳಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಳ್ಳಿ ಎಂದರೆ ಒಂದು ದಪ್ಪ ಹಲಗೆ, ಅಷ್ಟೇ. ಉತ್ತು ಕದಡಿದ ಗದ್ದೆಯಲ್ಲಿ ಅದನ್ನು ಎತ್ತುಗಳ ಹಿಂದೆ ಅಡ್ಡಲಾಗಿ ಕಟ್ಟಿ, ಮೇಲೊಬ್ಬ ನಿಂತು, ಎತ್ತುಗಳ ಬಾಲ ಹಿಡಿದು ಓಡಿಸಿದರೆ ಕೆಸರು ಮಟ್ಟವಾಗುತ್ತದೆ. ಹೇಳುವುದಕ್ಕೇನು, ಸುಲಭ. ಉಬ್ಬು ಬಂದಲ್ಲಿ ಹಲಗೆಯನ್ನು ಒತ್ತಿ ಕೆಸರು ಬಾಚಿಕೊಳ್ಳಬೇಕು, ತಗ್ಗು ಬಂದಲ್ಲಿ ಅದರ ಮೂತಿ ಎತ್ತಿ ಕೆಸರು ಬಿಡಬೇಕು. ಮೂಲೆಗೆ ಬಂದಾಗ ಒಂದೇ ಕಾಲಿನ ಮೇಲೆ ಭಾರ ಹಾಕಿ, ಕೆಳಗಿಳಿಯದೆ, ಹಲಗೆಯ ಸಮೇತ ಗರ್ರನೆ ತಿರುಗಬೇಕು. ಕೆರಿಯಪ್ಪ ತಿರುಗಿದ ಮೂಲೆ ಬೆಣ್ಣೆ ಸವರಿದ ಹಾಗಿರುತ್ತಿತ್ತು. ಅವನ ನಳ್ಳಿ ನೋಡುವುದಕ್ಕೆಂದೇ ದಾರಿಹೋಕರು ಗದ್ದೆಯ ಅಂಚಿನಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರು.

ಇಂಥ ಕೆರಿಯಪ್ಪ ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲದ ಮೊದಲಲ್ಲಿ ಗೊಬ್ಬರಕ್ಕೆಂದು ಸೊಪ್ಪು ಕಡಿಯಲು ಮರ ಹತ್ತಿ, ಕೊಂಬೆಯ ಜೊತೆಗೇ ಕೆಳಗೆ ಬಂದ. ಮೊಣಕಾಲು ಮುರಿಯಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ನೆಲಕ್ಕೆ ಕಾಲೂರಬಾರದೆಂದು ಹೇಳಿ ಹೋದರು.

ಅವನ ಹೆಂಡತಿ ರಂಗಮ್ಮನಿಗೆ ಗಂಡನ ಕಾಲಿನ ಚಿಂತೆಯ ಬೆನ್ನಿಗೇ ಇನ್ನೊಂದು ಚಿಂತೆ ಹತ್ತಿತು. ಊರಿನ ಕೆಲಸವೆಲ್ಲ ಮುಯ್ಯಿಯ ಮೇಲೆ ನಡೆಯುವುದು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಪಕ್ಕದ ಸುಬ್ಬಪ್ಪನ ಮನೆಯಿಂದ ಪ್ರತಿವರ್ಷ ಎಂಟು ಜನ ಇವರ ಗದ್ದೆಗೆ ನೆಟ್ಟಿಗೆ, ಅಂದರೆ ಸಸಿ ನೆಡುವ ಕೆಲಸಕ್ಕೆ, ಬರುತ್ತಿದ್ದರು. ಅದಕ್ಕೆ ಬದಲಾಗಿ ಕೆರಿಯಪ್ಪ ಸುಬ್ಬಪ್ಪನ ಗದ್ದೆಗೆಲ್ಲ ನಳ್ಳಿ ಹೊಡೆದುಕೊಡುತ್ತಿದ್ದ. ಈ ಸಲ ಇವರ ಮನೆಯಿಂದ ಯಾರೂ ಹಲಗೆಯ ಮೇಲೆ ನಿಲ್ಲದಿದ್ದರೆ ಆ ಎಂಟು ಜನ ಬರುವುದಿಲ್ಲ. ಮಡಿಯಲ್ಲಿ ಸಸಿ ಆಗಲೇ ಗೇಣುದ್ದ ಬೆಳೆದಿತ್ತು. ಬಲಿತ ಸಸಿ ನೆಟ್ಟರೆ ವರ್ಷದ ಅನ್ನಕ್ಕೆ ಕಲ್ಲು ಬಿದ್ದಂತೆಯೇ.

"ನಾನೇ ನಿಲ್ತೀನಿ," ಎಂದಳು ರಂಗಮ್ಮ.

ಕೆರಿಯಪ್ಪ ಗೋಡೆಗೊರಗಿದವನು ಅವಳ ಮುಖವನ್ನೇ ನೋಡಿದ. "ಹೆಂಗಸ್ರು ನಳ್ಳಿ ಹತ್ತದು ಎಲ್ಲಾದ್ರೂ ಉಂಟೇನೆ ಮಾರಾಯ್ತಿ?"

ಉಂಟೋ ಇಲ್ಲವೋ ಕೇಳಿಯೇ ಬಿಡೋಣವೆಂದು ಅವಳು ಸುಬ್ಬಪ್ಪನ ತಾಯಿ ವಿಶಾಲಮ್ಮನ ಬಳಿ ಹೋದಳು. ಊರಿನ ಹೆಂಗಸರು ಏನು ಮಾಡಬಹುದು, ಏನು ಮಾಡಬಾರದು ಎಂಬುದಕ್ಕೆಲ್ಲ ಆ ಮುದುಕಿಯದೇ ಕಡೆಯ ಮಾತು. ವಿಶಾಲಮ್ಮ ಎಲೆಯಡಿಕೆ ಜಗಿಯುತ್ತಲೇ ತೀರ್ಪು ಕೊಟ್ಟರು.

"ಹೆಂಗಸ್ರು ಮುಟ್ಟಬಾರ್ದು ಅಂತ ಹಿರೇರು ಹೇಳಿದ್ದು ನೇಗಿಲ್ನ. ನಳ್ಳಿ ಎಂತ ನೇಗಿಲಾ? ಬರೀ ಹಲಗೆ. ಮಣೆ ಇದ್ದಂಗೆ. ಮಣೆ ಮೇಲೆ ನಾವು ಕೂತ್ಕಳಲ್ವಾ?"

"ನಿಲ್ಬೌದಾ ಅಮ್ಮ?"

"ಕೂರೋದಕ್ಕೆ ಅಡ್ಡಿ ಇಲ್ಲ ಅಂದ್ಮೇಲೆ ನಿಲ್ಲೋದಕ್ಕೆ ಎಂತ ಅಡ್ಡಿ? ಆದ್ರೆ ನನ್ ಮಗನ ಗದ್ದೆ ಹಾಳು ಮಾಡ್ಬೇಡ. ಮೊದ್ಲು ನಿನ್ ಗದ್ದೇಲಿ ಕಲ್ತ್ಕ."

ಶಾಸ್ತ್ರಕ್ಕೆ ಹೀಗೆ ಸಂದು ಹುಡುಕಿಕೊಡುವವರು ಊರಿಗೊಬ್ಬರಾದರೂ ಇರಬೇಕು.

ಮಾರನೆಯ ಬೆಳಿಗ್ಗೆ ಕೆರಿಯಪ್ಪನನ್ನು ಇಬ್ಬರು ಹೊತ್ತು ತಂದು ಅಂಚಿನ ಮೇಲೆ ಕೂರಿಸಿದರು. ರಂಗಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಹಲಗೆ ಹತ್ತಿದಳು. ಎತ್ತುಗಳು ನಾಲ್ಕು ಹೆಜ್ಜೆ ಹಾಕಿದವೋ ಇಲ್ಲವೋ, ಹಲಗೆಯ ಮೂತಿ ಕೆಸರಿಗೆ ಕಚ್ಚಿಕೊಂಡಿತು. ಅವಳು ಎತ್ತುಗಳ ಕಾಲ ಹಿಂದೆಯೇ ಮುಖ ಕೆಳಗಾಗಿ ಬಿದ್ದಳು.

"ಮುಂದೆ ಬಗ್ಗು ಅಂದ್ನಲ್ಲ," ಎಂದ ಕೆರಿಯಪ್ಪ.

"ಬಗ್ಗಿದ್ದಕ್ಕೇ ಬಿದ್ದಿದ್ದು."

"ಸರಿಯಾಗಿ ಬಗ್ಗು. ಮುಂದೆ ನೋಡ್ಕಂಡು ಮುಂದೆ ಬಗ್ಗು. ನಾ ಇಪ್ಪತ್ತು ವರ್ಷದಿಂದ ಹಂಗೇ ಮಾಡಿದ್ದು."

ಅವಳು ಬಗ್ಗಿದಳು, ಬಿದ್ದಳು. ಮತ್ತಷ್ಟು ಬಗ್ಗಿದಳು, ಮತ್ತಷ್ಟು ಜೋರಾಗಿ ಬಿದ್ದಳು. ಮೂಲೆಯ ಮಾತು ಹಾಗಿರಲಿ, ನೇರ ಹೋಗುವುದೇ ಸಾಧ್ಯವಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಗುತ್ತಾರೆ; ಪಾಪ, ರಂಗಮ್ಮನ ನೆಲ ನಿಜವಾಗಿ ಡೊಂಕಾಗಿತ್ತು, ಅದನ್ನು ನೆಟ್ಟಗೆ ಮಾಡುವುದೇ ಅವಳ ಕೆಲಸವಾಗಿತ್ತು. ಮೂರು ದಿನ ಇದೇ ಆಯಿತು. ಕೆರಿಯಪ್ಪನಿಗೆ ಕಾಲಿನ ನೋವು, ಕೂತಲ್ಲೇ ಕೂರುವ ಅವಮಾನ, ಎಲ್ಲ ಸೇರಿ ಸಿಟ್ಟು ನೆತ್ತಿಗೇರಿತು.

"ನಿಂಗೆ ಹೇಳದೂ ಒಂದೇ, ಎತ್ತಿಗೆ ಹೇಳದೂ ಒಂದೇ."

"ಎತ್ತು ಬೀಳ್ತಾ ಇಲ್ಲ, ನಾ ಬೀಳ್ತಿದೀನಿ. ಕಾಲು ಹ್ಯಾಂಗೆ ಇಡ್ತಿದ್ರಿ ಅದನ್ನ ಹೇಳಿ."

"ಅದು ಕಾಲಿಗೆ ಗೊತ್ತಿರ್ತದೆ. ನಂಗೆಂತ ಗೊತ್ತು," ಎಂದು ಕೆರಿಯಪ್ಪ ಗೊಣಗಿದ.

ಆ ದಿನ ರಂಗಮ್ಮ ಮನೆಗೆ ಬಂದು ಹಿತ್ತಿಲಲ್ಲಿ ಮೈ ತೊಳೆಯುತ್ತ ಅತ್ತಳು. ಬಿದ್ದದ್ದಕ್ಕಲ್ಲ, ಸಸಿಗೆ ಇನ್ನು ವಾರ ಹತ್ತು ದಿನ ಮಾತ್ರ ಉಳಿದಿದೆಯೆಂಬುದಕ್ಕೆ.

ನಾಲ್ಕನೆಯ ದಿನ ನಳ್ಳಿಗೆ ರಜೆ. ಅವತ್ತು ಅವಳಿಗೆ ಬೇರೊಬ್ಬರ ಗದ್ದೆಯಲ್ಲಿ ನೆಟ್ಟಿಯ ಮುಯ್ಯಿ ಇತ್ತು. ಹೆಂಗಸರೆಲ್ಲ ಸಾಲಾಗಿ ಬಗ್ಗಿ ಸಸಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ನೆಟ್ಟಿ ಮಾಡುವವರಿಗೆ ಮುಂದೆ ಎಂಬುದಿಲ್ಲ. ಮುಂದೆ ಹೆಜ್ಜೆಯಿಟ್ಟರೆ ನೆಟ್ಟ ಸಸಿಯನ್ನೇ ತುಳಿದಂತಾಗುತ್ತದೆ. ರಂಗಮ್ಮ ಮದುವೆಯಾಗಿ ಬಂದಾಗಿನಿಂದ ಊರಿನ ಗದ್ದೆಗಳನ್ನೆಲ್ಲ ಹಿಂದಕ್ಕೆ ನಡೆದೇ ದಾಟಿದವಳು. ಅರ್ಧ ಗದ್ದೆ ಮುಗಿದಾಗ ಅವಳಿಗೆ ಒಂದು ಗುಂಡಿ ಸಿಕ್ಕಿತು. ಹಿಮ್ಮಡಿ ತಾನಾಗಿಯೇ ಕೆಳಗಿಳಿದು ಆಳ ನೋಡಿತು, ಬೆರಳುಗಳು ಹಗುರವಾಗಿ ಮೇಲೆಯೇ ಉಳಿದವು, ಮೈ ಅಲುಗಲಿಲ್ಲ. ಅವಳು ಹಾಗೇ ನಿಂತುಬಿಟ್ಟಳು. ಇಷ್ಟು ವರ್ಷ ಇದೇ ಕೆಸರಿನಲ್ಲಿ ತಾನು ಒಮ್ಮೆಯೂ ಬಿದ್ದಿಲ್ಲವಲ್ಲ ಎಂಬುದು ಆಗ ಹೊಳೆಯಿತು.

"ಎಂತ ರಂಗಮ್ಮಕ್ಕ, ಸೊಂಟ ಹಿಡೀತಾ?" ಎಂದು ಪಕ್ಕದವಳು ಕೇಳಿದಳು.

"ಇಲ್ಲ, ಬಿಡ್ತು," ಎಂದಳು ರಂಗಮ್ಮ.

ಮರುದಿನ ಅವಳು ಗಂಡನನ್ನು ಕರೆಯದೆ, ಒಬ್ಬಳೇ ಗದ್ದೆಗೆ ಹೋದಳು. ಹಲಗೆಯ ಮೇಲೆ ನಿಂತು, ಮುಂದೆ ಬಗ್ಗುವ ಬದಲು ನೆಟ್ಟಿಯ ಸಾಲಿನಲ್ಲಿ ಹಿಂದಕ್ಕೆ ಸರಿಯುವವಳ ಹಾಗೆ ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟಳು. ಹಲಗೆಯ ಮೂತಿ ಎದ್ದಿತು, ಕೆಸರು ಅಡಿಯಿಂದ ಸಲೀಸಾಗಿ ಜಾರಿತು. ಬೆರಳೊತ್ತಿದರೆ ಕೆಸರು ಕೂಡಿತು, ಹಿಮ್ಮಡಿಯೂರಿದರೆ ಬಿಟ್ಟಿತು. ಮೂಲೆಗೆ ಬಂದಾಗ ಎಡ ಹಿಮ್ಮಡಿಯೊಂದನ್ನೇ ಊರಿ ಬಲಗಾಲನ್ನು ಹಗುರ ಮಾಡಿದಳು. ಗದ್ದೆ, ಅಂಚು, ಆಚೆಯ ಗುಡ್ಡ ಎಲ್ಲ ಒಂದು ಸುತ್ತು ಬಂದವು. ಅವಳು ಹಲಗೆಯ ಮೇಲೆಯೇ ಇದ್ದಳು. ಯಾರೂ ನೋಡುವವರಿರಲಿಲ್ಲ, ನಲವತ್ತು ದಾಟಿದ ಹೆಂಗಸು ಬೇಕೆಂದೇ ಇನ್ನೂ ಎರಡು ಸುತ್ತು ತಿರುಗಿ ನಕ್ಕಳು.

ಸುಬ್ಬಪ್ಪನ ಗದ್ದೆಯ ದಿನ ಅಂಚಿನ ತುಂಬ ಜನ. ಸುಬ್ಬಪ್ಪ ಒಳ್ಳೆಯವನೇ, ಆದರೆ ಗದ್ದೆ ಅವನದು. "ಆಗದಿದ್ರೆ ಹೇಳ್ಬಿಡಿ ರಂಗಮ್ಮಕ್ಕ, ಬೇರೆ ಜನ ನೋಡಿದೀನಿ," ಎಂದು ಮೊದಲೇ ಹೇಳಿದ. ಅವಳು ಸೀರೆ ಎತ್ತಿ ಕಟ್ಟಿ ಹಲಗೆ ಹತ್ತಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ದೊಡ್ಡ ಗದ್ದೆ ಮುಗಿಯಿತು. ನೀರು ಒಂದೇ ಸಮನಾಗಿ ನಿಂತಿತ್ತು. ಸುಬ್ಬಪ್ಪ ನಾಲ್ಕೂ ಮೂಲೆಗೆ ನಡೆದು ಕಾಲಿಳಿಸಿ ನೋಡಿ ಬಂದು, "ಸೋಮವಾರ ನಿಮ್ ಗದ್ದೆಗೆ ಎಂಟು ಜನ ಬರ್ತಾರೆ," ಎಂದ.

ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು. ಕೆರಿಯಪ್ಪ "ಹೌದಾ" ಎಂದು ಗೋಡೆಯ ಕಡೆ ತಿರುಗಿದ. ಅವನಿಗೆ ಸಂತೋಷವೂ ಆಗಿತ್ತು, ಹೊಟ್ಟೆಯೊಳಗೆ ಕಿಚ್ಚೂ ಬಿದ್ದಿತ್ತು. ಅದನ್ನು ಬಲ್ಲ ರಂಗಮ್ಮ, ತಾನು ಕಂಡುಕೊಂಡ ಹಿಮ್ಮಡಿಯ ಗುಟ್ಟನ್ನು ಅವನ ಮುಂದೆ ಎತ್ತಲೇ ಇಲ್ಲ.

ಮರುವರ್ಷ ಕಾಲು ಕೂಡಿಕೊಂಡಿತ್ತು, ಆದರೆ ಮೊಣಕಾಲು ಪೂರಾ ಮಡಚುತ್ತಿರಲಿಲ್ಲ. ಆದರೂ ಸುಬ್ಬಪ್ಪನ ಗದ್ದೆಗೆ ಕೆರಿಯಪ್ಪನೇ ಹೋದ. ರಂಗಮ್ಮ ತಡೆಯಲಿಲ್ಲ; ಪಕ್ಕದ ಗದ್ದೆಯ ನೆಟ್ಟಿ ಸಾಲಿನಲ್ಲಿ ಸೇರಿ, ಬಗ್ಗಿದಲ್ಲಿಂದಲೇ ನೋಡುತ್ತಿದ್ದಳು. ಒಂದು ವರ್ಷ ನಿಲ್ಲದ ಕಾಲು ತನಗೆ ಗೊತ್ತಿದ್ದುದನ್ನು ಮರೆತಿತ್ತು. ಕಾಲು ಮರೆತದ್ದನ್ನು ಕೆರಿಯಪ್ಪ ಬಾಯಿಪಾಠದಿಂದ ತುಂಬಿಕೊಂಡ. ಹೆಂಡತಿಗೆ ಹೇಳಿಕೊಟ್ಟ ಹಾಗೆಯೇ ಮುಂದೆ ನೋಡಿಕೊಂಡು ಮುಂದೆ ಬಗ್ಗಿದ. ಹಾಗಾಗಿ ಬಿದ್ದ. ಎದ್ದು ಮತ್ತೆ ಹತ್ತಿದ, ಮತ್ತೆ ಬಿದ್ದ. ಅಂಚಿನಲ್ಲಿದ್ದವರು ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕೆರಿಯಪ್ಪ ಮೈಯೆಲ್ಲ ಕೆಸರಾಗಿ, ಕುಂಟುತ್ತ, ಅಂಚು ದಾಟಿ ಹೆಂಗಸರ ಸಾಲಿನ ಹತ್ತಿರ ಬಂದ.

"ನಿಂಗೆ ಹ್ಯಾಂಗೆ ಬಂತೇ ಅದು?" ಎಂದು ಮೆಲ್ಲಗೆ ಕೇಳಿದ. "ನಂಗೂ ಹೇಳ್ಕೊಡು."

ಗಂಡಸರು ಸಸಿ ಮುಟ್ಟುವ ಪದ್ಧತಿ ಆ ಊರಿನಲ್ಲಿರಲಿಲ್ಲ. ರಂಗಮ್ಮ ಒಂದು ಕ್ಷಣ ಅವನ ಮೊಣಕಾಲನ್ನು ನೋಡಿದಳು, ಆಮೇಲೆ ತನ್ನ ಎಡಕ್ಕೆ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟು ಸರಿದಳು. ಸಸಿಯ ಒಂದು ಕಟ್ಟನ್ನು ಅವನ ಕೈಗಿಟ್ಟಳು.

"ಇಲ್ಲಿ ಬನ್ನಿ. ನನ್ ಜೊತೆ ಹಿಂದೆ ನಡೀರಿ, ಸಾಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ನೆಡತೊಡಗಿದರು. ಕೆರಿಯಪ್ಪ ಬಗ್ಗಿದ, ಸಸಿಯೂರಿದ, ಅವಳ ಹೆಜ್ಜೆ ನೋಡಿಕೊಂಡು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.