ಪತ್ರ ಯಾರ ಕಡೆಯಿಂದ ಬರೆಸಬೇಕು

ಪಾಯಿಂಟ್ ಕುಕ್ ಬಡಾವಣೆಯ ಕನ್ನಡಿಗರಲ್ಲಿ ಯಾರ ಮಕ್ಕಳು ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದರೂ ಸುದ್ದಿ ಮೊದಲು ಮುಟ್ಟುವುದು ಬಾಳಪ್ಪನವರಿಗೆ. ಧಾರವಾಡ ಬಿಟ್ಟು ಇಪ್ಪತ್ತೆಂಟು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ಬರ್ತ್‌ಡೇ ಇರಲಿ, ಗೃಹಪ್ರವೇಶವಿರಲಿ, ಊಟದ ತಟ್ಟೆ ಕೈಗೆ ಬರುವ ಮೊದಲೇ ಮಕ್ಕಳನ್ನು ಮೂಲೆಗೆ ಕರೆದು, ಅರ್ಜಿಯ ಜೊತೆ ಇಡುವ ರಿಸರ್ಚ್ ಶಿಫಾರಸು ಪತ್ರ ಯಾರು ಬರೆಯುತ್ತಾರೆಂದು ವಿಚಾರಿಸುತ್ತಾರೆ. ಯಾರಾದರೂ ಪ್ರಖ್ಯಾತ ಪ್ರೊಫೆಸರ್ ಹೆಸರು ಹೇಳಿದರೋ, ಕೆಟ್ಟರು. “ದೊಡ್ಡ ಹೆಸರು ತಗೊಂಡು ಏನ್ ಮಾಡ್ತಿ? ನಿನ್ನ ಎಕ್ಸ್‌ಪೆರಿಮೆಂಟ್ ಕೆಟ್ಟ ದಿನಾ ಬಾಜೂಕ ಯಾರಿದ್ರು? ಅವರ ಕಡಿಂದ ಬರಸು!” ಮಕ್ಕಳು “ಓಕೆ ಅಂಕಲ್” ಎಂದು ಜಾರಿಕೊಳ್ಳುತ್ತಾರೆ. ಆಟದ ಸ್ಟೆತಸ್ಕೋಪ್ ಹಾಕಿಕೊಂಡಿದ್ದ ನಾಲ್ಕು ವರ್ಷದ ಕೂಸನ್ನೂ ಅವರು ಬಿಟ್ಟಿಲ್ಲ. ಎಲ್ಲರೂ ನಗುತ್ತಾರೆ, ಹೆಂಡತಿ ಹೇಮಲತಾ ಒಬ್ಬರನ್ನು ಬಿಟ್ಟು. ಮಗಳು ಮಹಾಶ್ವೇತಾ ಅರ್ಜಿ ಹಾಕಿದಾಗ, ಎರಡು ವರ್ಷ ಲ್ಯಾಬಿನಲ್ಲಿ ಅವಳ ಪಕ್ಕ ನಿಂತು ಕಲಿಸಿದ ಕಿರಿಯ ಸಂಶೋಧಕಿಯ ಪತ್ರವನ್ನು ಬದಿಗಿರಿಸಿ, ಮಗಳ ಮುಖವನ್ನೂ ಸರಿಯಾಗಿ ನೋಡಿರದ ವಿಭಾಗ ಮುಖ್ಯಸ್ಥರಿಂದ ನಾಲ್ಕು ಸಾಲು ಬರೆಸಿದವರು ಇದೇ ಬಾಳಪ್ಪನವರು. ಸೀಟು ಸಿಗಲಿಲ್ಲ. ಮಗಳೀಗ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಯಾವುದೋ ಆಫೀಸಿನಲ್ಲಿದ್ದಾಳೆ. ಭಾನುವಾರದ ಫೋನು ಅವ್ವನಿಗೆ ಮಾತ್ರ. ಹೇಮಲತಾ ಫೋನ್ ಹಿಡಿದು ಹಿತ್ತಲಿಗೆ ಹೋದರೆ, ಬಾಳಪ್ಪನವರು ಬೀರುವಿನಿಂದ ಆ ಬದಿಗಿರಿಸಿದ ಪತ್ರ ತೆಗೆದು ಓದುತ್ತಾರೆ. ಪ್ರಯೋಗ ಕೆಟ್ಟ ದಿನಗಳಲ್ಲಿ ಮಹಾಶ್ವೇತಾ ಮೆಲ್ಲಗೆ ಹಾಡಿಕೊಳ್ಳುತ್ತ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತಿದ್ದಳು ಎಂದು ಅದರಲ್ಲಿದೆ. ಮಗಳು ಹಾಡುತ್ತಾಳೆಂಬುದೇ ಅವರಿಗೆ ಗೊತ್ತಿರಲಿಲ್ಲ. ಹೇಮಲತಾ ಒಳಗೆ ಬಂದಾಗ ಪ್ರತಿ ಸಲ ಅವರು ಕೇಳುವುದು ಒಂದೇ ಮಾತು: “ಆಕಿ ಈಗೂ ಹಾಡ್ತಾಳೇನ?”