ಹೊಟ್ಟು ಸುತ್ತಿದ ಜಾಗ

1956ರ ಅಕ್ಟೋಬರ್ 21, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಾಯಂಡಹಳ್ಳಿಯಾಚೆಯ ಸಣ್ಣ ಕೆರೆಯಲ್ಲಿ ಅದು ಆ ವರ್ಷದ ನನ್ನ ಹದಿನೇಳನೆಯ ಈಜು. “ಎಲ್ಲಾ ಎದ್ದು ಬನ್ರಪ್ಪ, ನೀರು ಅಲುಗಬಾರದು!” ಎಂದು ಏರಿಯ ಮೇಲಿಂದ ಯಾರೋ ಕೂಗಿದರು. ಕೆರೆ ಕಾಯುವ ಮುದುಕ ನೀರುಗಂಟಿ. ಕೈಯಲ್ಲಿ ಒಂದು ಮೊರ ಭತ್ತದ ಹೊಟ್ಟು. ನಾವು ಮೂವರು ಗೆಳೆಯರೂ ದಡಕ್ಕೆ ಬಂದೆವು. ಅವರು ಏರಿಯುದ್ದಕ್ಕೂ ನೀರಿನ ಮೇಲೆ ಹೊಟ್ಟು ಎರಚುತ್ತ ನಡೆದರು.

“ಏನ್ ತಾತ, ಮೀನಿಗೆ ತಿಂಡಿನಾ?” ಎಂದ ಗೆಳೆಯ ಶಾಮಣ್ಣ.

“ಏರಿ ಹಿಂದೆ ಒಸರೋ ನೀರು ನೆನ್ನೆಗಂಟ ತಿಳಿಯಾಗಿತ್ತು ಕಣಪ್ಪ. ಇವತ್ತು ಕೆಂಪಗೆ ಬರ್ತಾ ಐತೆ. ಒಳಗೆ ಮಣ್ಣು ಕೊಚ್ಚೋಯ್ತಾ ಐತೆ. ಏರಿ ಕಿತ್ಕೊಂಡ್ರೆ ಕೆಳಗಿನ ಗದ್ದೆ, ಮನೆ ಒಂದೂ ಉಳಿಯಲ್ಲ.”

ಒಂದೇ ಒಂದು ಕಡೆ ಹೊಟ್ಟು ಮೆಲ್ಲಗೆ ಸುತ್ತುತ್ತ ಮುಳುಗತೊಡಗಿತು. ನೀರು ಏರಿಯೊಳಗೆ ನುಗ್ಗುತ್ತಿದ್ದದ್ದು ಅಲ್ಲೇ. ಅದು ನಾವು ಹತ್ತಿಳಿಯುವ ಜಾಗ. ಕಾಲಿಡಲು ಅನುಕೂಲವೆಂದು ಬೇಸಿಗೆಯಲ್ಲಿ ಅಲ್ಲಿ ಏರಿಗೆ ಹೊದಿಸಿದ್ದ ನಾಲ್ಕು ಕಲ್ಲು ಕಿತ್ತವರು ನಾವೇ. ಬರಿದಾದ ಮಣ್ಣಿನಲ್ಲಿ ಏಡಿಗಳು ಬಿಲ ತೋಡಿದ್ದವು. ತಪ್ಪು ಒಪ್ಪಿಕೊಂಡೆವು. ಅವರು ಬೈಯಲಿಲ್ಲ. “ಹಂಗಾರೆ ಜೇಡಿಮಣ್ಣು ನೀವೇ ಹೊರ್ರಿ” ಎಂದರು.

ಮೂವತ್ತೊಂದು ಮಂಕರಿ ಹೊತ್ತೆವು. ಅವರು ಹುಲ್ಲು ಸೇರಿಸಿ ತುಳಿದು ಬಿಲ ಮುಚ್ಚಿದರು. ಹತ್ತೂವರೆಗೆ ಏರಿಯ ಹಿಂದೆ ಕೆಂಪು ನಿಂತು ತಿಳಿನೀರು ಒಸರಿತು. ಅದನ್ನೂ ಮುಚ್ಚೋಣವೆಂದರೆ, “ಬ್ಯಾಡ, ಅದು ಇರ್ಬೇಕು” ಎಂದು ತಡೆದರು.

ಈಗ ನಾವು ಕಲ್ಲು ಮುಟ್ಟುವುದಿಲ್ಲ. ನೀರಿಗಿಳಿಯುವ ಮುನ್ನ ಏರಿಯ ಹಿಂದೆ ಹೋಗಿ ಒಸರಿನ ಬಣ್ಣ ನೋಡುತ್ತೇವೆ. ಆದರೆ ತಿಳಿ ಒಸರು ಏಕೆ ಇರಬೇಕು? ಏರಿಯ ಕೆಲಸ ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಿ.