ಅತ್ತೆ ತವರಿಂದ ತಂದ ದ್ರಾಕ್ಷಿ ಕಡ್ಡಿ

ಕೊಡಲಿಯ ಮೊದಲ ಏಟಿಗೇ ದ್ರಾಕ್ಷಿ ಬಳ್ಳಿಯಿಂದ ನೀರು ತೊಟ್ಟಿಕ್ಕತೊಡಗಿತು. ಇಳಕಲ್ಲಿನ ನಮ್ಮ ಹಿತ್ತಲಲ್ಲಿ ಪವರ್‌ಲೂಮ್ ಕೂಡಿಸಲು ಜಾಗ ಬೇಕಿತ್ತು. ಎರಡನೇ ಏಟಿಗೆ ಕೈ ಎತ್ತಿದ್ದೆ, ಅಷ್ಟರಲ್ಲಿ ಹಳೆಯ ಬಳ್ಳಿಗಳನ್ನು ಹುಡುಕಿಕೊಂಡು ಸಂಶೋಧಕಿಯೊಬ್ಬಳು ಬಂದಳು. ಬಾದಾಮಿ ಕಡೆಯ ಹಾಳು ಬಾವಿಯ ಕೆಸರಲ್ಲಿ ಸಿಕ್ಕ, ಬಹಳ ಹಿಂದಿನ ಕಾಲದ ದ್ರಾಕ್ಷಿ ಬೀಜಗಳು ಅವಳ ಸೀಸೆಯಲ್ಲಿದ್ದವು. ಅವುಗಳಲ್ಲಿ ಡಿಎನ್‌ಎ ಉಳಿದಿದ್ದರೆ ಈಗಿನ ಬಳ್ಳಿಗಳ ಜೊತೆ ಹೋಲಿಸಲು ನಮ್ಮಲ್ಲಿ ನಾಲ್ಕು ಎಲೆ ಕೇಳಿದಳು.

ಅತ್ತೆ, "ನಾ ಲಗ್ನಾಗಿ ಬರೂಮುಂದ ನಮ್ಮವ್ವನ ಬಳ್ಳೀದು ಕಡ್ಡಿ ತಂದು ಹಚ್ಚೇನ್ರಿ. ಆಕೀನೂ ತನ್ನ ತವರಮನಿಂದ ಹಂಗ ತಂದಿದ್ಲು" ಎಂದರು.

"ಹಂಗಾದ್ರ ಇದು ಆ ಬಳ್ಳಿ ಮಗಳಲ್ರಿ ಆಯಿ, ಅದ ಬಳ್ಳಿ. ಕಡ್ಡಿ ಹಚ್ಚಿದ್ರ ಹೊಸಾ ಜೀವ ಹುಟ್ಟೂದಿಲ್ಲ, ಹಳೇದ ಮುಂದುವರಿತೈತಿ" ಎಂದಳು ಸಂಶೋಧಕಿ.

ಅತ್ತೆ ಬಂದು ಬಳ್ಳಿಯ ಗಾಯದ ಮೇಲೆ ಅಂಗೈ ಒತ್ತಿ ಹಿಡಿದರು. ಬೆರಳ ಸಂದಿಯಿಂದ ನೀರು ಇಳಿಯುತ್ತಲೇ ಇತ್ತು.

ಪವರ್‌ಲೂಮ್ ಪಡಸಾಲೆಗೆ ಹೋಯಿತು. ಆ ಸಂಶೋಧಕಿಯ ಸುದ್ದಿ ಮತ್ತೆ ಬರಲಿಲ್ಲ. ಮದುವೆಯಾದ ನನ್ನ ಮಗಳು ಒಂದು ಕಡ್ಡಿ ಒಯ್ದು ಬಾಗಲಕೋಟೆಯ ವಿದ್ಯಾಗಿರಿಯ ಮನೆಯಲ್ಲಿ ಹಚ್ಚಿದ್ದಾಳೆ. ಅಲ್ಲಿಗೆ ಹೋದಾಗ ಆ ಎಳೆಯ ಬಳ್ಳಿಯ ಕೆಳಗೆ ಕೂರಲು ನನಗಾಗುವುದಿಲ್ಲ. ಅದರ ಮೈಮೇಲೆ ಗಾಯವಿಲ್ಲ. ಆದರೂ ಏಟು ಹಾಕಿದವಳು ಯಾರೆಂದು ಅದಕ್ಕೆ ಗೊತ್ತಿದೆ.